ಅಮೂರ್ತ ಅಭಿವ್ಯಕ್ತಿವಾದ: ನೋಟದ ಕ್ರಮ, ಕೆಲಸದ ಕ್ರಮ

ಕೆಲವು ಕಲಾಪಂಥಗಳ ಗ್ರಹಿಕೆಗೆ ಅವುಗಳ ಹೆಸರೇ ಅಡ್ಡಿಯಾಗಿ ನಿಂತಿರುವುದುಂಟು. ‘ಅಮೂರ್ತ ಅಭಿವ್ಯಕ್ತಿವಾದ’ ಅಂಥ ಒಂದು ಹೆಸರು. 1919ರಷ್ಟು ಹಿಂದೆಯೇ ಜರ್ಮನಿಯ ‘ಡೆರ್ ಸ್ಟುರ್ಮ್’ ಪತ್ರಿಕೆಯಲ್ಲಿ ಕಾಣಿಸಿಕೊಂಡ ಈ ಪದವನ್ನು 1929ರಲ್ಲಿ ಆಲ್‌ಫ್ರೆಡ್ ಬಾರ್ ಕ್ಯಾಂಡಿನ್‌ಸ್ಕಿಯ ಕೃತಿಗಳಿಗೆ ಅನ್ವಯಿಸಿದನು. 1946ರಲ್ಲಿ ‘ದ ನ್ಯೂಯಾರ್ಕರ್’ ಪತ್ರಿಕೆಯ ವಿಮರ್ಶಕ ರಾಬರ್ಟ್ ಕೋಟ್ಸ್ ಹಾನ್ಸ್ ಹಾಫ್‌ಮನ್‌ನ ಚಿತ್ರಗಳ ಕುರಿತು ಬರೆಯುವಾಗ ಇದನ್ನು ಬಳಸಿದ ನಂತರ, ನ್ಯೂಯಾರ್ಕಿನ ಒಂದು ಪೀಳಿಗೆಯ ಚಿತ್ರಕಾರರಿಗೆಲ್ಲ ಇದು ಅಂಟಿಕೊಂಡಿತು. ಆ ಚಿತ್ರಕಾರರಲ್ಲಿ ಹೆಚ್ಚಿನವರಿಗೆ ಈ ಹೆಸರು ಒಪ್ಪಿಗೆಯಾಗಿರಲಿಲ್ಲ. ‘ಅಮೂರ್ತ’ ಎಂದೊಡನೆ ನೋಡುಗನು ಇಲ್ಲಿ ವಸ್ತುವಿಲ್ಲವೆಂದು ತಿಳಿಯುತ್ತಾನೆ. ‘ಅಭಿವ್ಯಕ್ತಿ’ ಎಂದೊಡನೆ ಕಲಾವಿದನು ತನ್ನ ಒಳಗುದಿಯನ್ನು ಬಣ್ಣವಾಗಿ ಸುರಿದಿದ್ದಾನೆಂದು ಭಾವಿಸುತ್ತಾನೆ. ಇವೆರಡೂ ತಪ್ಪು ತಿಳಿವಳಿಕೆಗಳು. ಮೊದಲನೆಯದನ್ನು 1943ರಷ್ಟು ಮುಂಚೆಯೇ ಮಾರ್ಕ್ ರಾತ್ಕೋ ಮತ್ತು ಅಡಾಲ್ಫ್ ಗಾಟ್‌ಲೀಬ್ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಗೆ ಬರೆದ ಪತ್ರದಲ್ಲಿ ನಿರಾಕರಿಸಿದ್ದರು. ವಸ್ತುವೇ ಇಲ್ಲದ ಒಳ್ಳೆಯ ಚಿತ್ರವೆಂಬುದೊಂದಿಲ್ಲ, ದುರಂತವೂ ಕಾಲಾತೀತವೂ ಆದ ವಸ್ತುವೇ ಚಿತ್ರಕ್ಕೆ ಯೋಗ್ಯವಾದದ್ದು ಎಂಬುದು ಅವರ ನಿಲುವಾಗಿತ್ತು. ಎರಡನೆಯ ತಪ್ಪು ತಿಳಿವಳಿಕೆ ಮಾತ್ರ ಇಂದಿಗೂ ಜೀವಂತವಾಗಿದೆ. ಕಲಾಶಾಲೆಗಳಲ್ಲಿ ಈ ಪಂಥದ ಪ್ರಭಾವವೆಂದು ತೋರಿಬರುವ ಬಹುಪಾಲು ಕೃತಿಗಳು ಈ ತಪ್ಪು ತಿಳಿವಳಿಕೆಯ ಫಲಗಳೇ ಆಗಿವೆ.

ಆದ್ದರಿಂದ ಈ ಚಿತ್ರಕಲೆಯ ಆಸ್ವಾದನೆಯ ಪ್ರಶ್ನೆಯನ್ನೂ ಅದರ ಪ್ರಭಾವದ ಪ್ರಶ್ನೆಯನ್ನೂ ಬೇರ್ಪಡಿಸಿ ವಿವೇಚಿಸಲು ಬರುವುದಿಲ್ಲ. ಒಬ್ಬ ಕಲಾವಿದನು ಇನ್ನೊಬ್ಬನ ಚಿತ್ರದಲ್ಲಿ ಏನನ್ನು ನೋಡಿದನೆಂಬುದು ಆತ ಮರಳಿ ತನ್ನ ಕೋಣೆಗೆ ಹೋಗಿ ಏನು ಮಾಡಿದನೆಂಬುದರಲ್ಲಿ ಗೊತ್ತಾಗುತ್ತದೆ. ತೋರಿಕೆಯನ್ನು ಕಂಡವನು ತೋರಿಕೆಯನ್ನು ಒಯ್ಯುತ್ತಾನೆ. ಕೆಲಸದ ಕ್ರಮವನ್ನು ಕಂಡವನ ಚಿತ್ರ ಮೂಲಕ್ಕಿಂತ ತೀರ ಭಿನ್ನವಾಗಿ ಕಾಣಬಹುದು.

ಈ ಪಂಥದ ಚಾರಿತ್ರಿಕ ಹಿನ್ನೆಲೆ ಸಾಕಷ್ಟು ಪರಿಚಿತವಾದದ್ದೇ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1935ರಿಂದ 1943ರವರೆಗೆ, ಅಮೆರಿಕ ಸರ್ಕಾರದ ಫೆಡರಲ್ ಆರ್ಟ್ ಪ್ರಾಜೆಕ್ಟ್ ಅನೇಕ ಯುವ ಚಿತ್ರಕಾರರಿಗೆ ಸಂಬಳ ಕೊಟ್ಟು ಅನ್ನದ ದಾರಿ ತೋರಿಸಿತು. ಮೆಕ್ಸಿಕೋದ ಭಿತ್ತಿಚಿತ್ರಕಾರರು ದೊಡ್ಡ ಅಳತೆಯ ರುಚಿ ಹತ್ತಿಸಿದರು. ಯುದ್ಧದ ಕಾರಣದಿಂದ ಯೂರೋಪಿನ ಅತಿವಾಸ್ತವವಾದಿಗಳು ನ್ಯೂಯಾರ್ಕಿಗೆ ವಲಸೆ ಬಂದರು. ಹಾಫ್‌ಮನ್ ತನ್ನ ಶಾಲೆಯಲ್ಲಿ ಮಾತೀಸ್ ಮತ್ತು ಘನಾಕೃತಿವಾದದ ಪಾಠಗಳನ್ನು ಹೇಳಿಕೊಟ್ಟನು. ಇವುಗಳ ಪೈಕಿ ಒಂದು ಸಂಗತಿ ಮಾತ್ರ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ. 1936ರಲ್ಲಿ ಮೆಕ್ಸಿಕೋದ ಸಿಕೇರೋಸ್ ನ್ಯೂಯಾರ್ಕಿನಲ್ಲಿ ನಡೆಸಿದ ಪ್ರಯೋಗಶಾಲೆಯಲ್ಲಿ ಕಾರ್ಖಾನೆಯ ಬಣ್ಣಗಳನ್ನು ಎರಚುವ, ಸುರಿಯುವ ವಿಧಾನಗಳು ಬಳಕೆಯಲ್ಲಿದ್ದವು. ಜಾಕ್‌ಸನ್ ಪೊಲಾಕ್ ಅಲ್ಲಿ ಕೆಲಸ ಮಾಡಿದ್ದನು. ಸಿಕೇರೋಸ್‌ಗೆ ಅದು ರಾಜಕೀಯ ಚಿತ್ರಗಳನ್ನು ರಚಿಸಲು ಒದಗಿದ ಉಪಾಯ. ಪೊಲಾಕ್‌ನಲ್ಲಿ ಅದೇ ಉಪಾಯ ಹನ್ನೊಂದು ವರ್ಷಗಳ ನಂತರ ಚಿತ್ರದ ವಸ್ತುವೇ ಆಗಿ ಬೆಳೆಯಿತು. ತಂತ್ರವೊಂದು ಕೈಯಿಂದ ಕೈಗೆ ದಾಟುವಾಗ ಅದರ ಅರ್ಥ ಹೀಗೆ ಪೂರ್ತಿಯಾಗಿ ಬದಲಾಗುವುದು ಈ ಪಂಥದ ಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುವ ವಿದ್ಯಮಾನ.

ಪೊಲಾಕ್ 1945ರಲ್ಲಿ ನ್ಯೂಯಾರ್ಕ್ ನಗರವನ್ನು ಬಿಟ್ಟು ಲಾಂಗ್ ಐಲೆಂಡ್‌ನ ಸ್ಪ್ರಿಂಗ್ಸ್ ಎಂಬ ಹಳ್ಳಿಗೆ ಬಂದನು. ಅಲ್ಲಿನ ಒಂದು ಹಳೆಯ ಕೊಟ್ಟಿಗೆ ಅವನ ಕೆಲಸದ ಮನೆಯಾಯಿತು. 1947ರಿಂದ 1950ರವರೆಗಿನ ಪ್ರಸಿದ್ಧ ಚಿತ್ರಗಳು ಅಲ್ಲಿಯೇ ರೂಪುಗೊಂಡವು. ಸುತ್ತಿಟ್ಟ ಕ್ಯಾನ್‌ವಾಸನ್ನು ಆತ ನೆಲದ ಮೇಲೆ ಹಾಸುತ್ತಿದ್ದನು. ಮನೆಗೂ ಯಂತ್ರಗಳಿಗೂ ಬಳಿಯುವ ಎನಾಮೆಲ್ ಬಣ್ಣವನ್ನು ಕಡ್ಡಿಯಿಂದಲೋ, ಒಣಗಿ ಗಟ್ಟಿಯಾದ ಕುಂಚದಿಂದಲೋ ಎತ್ತಿ, ಬಟ್ಟೆಗೆ ತಾಗಿಸದೆ ಗಾಳಿಯಲ್ಲಿ ಎಳೆಯುತ್ತಿದ್ದನು. ಇಲ್ಲಿ ರೇಖೆಯ ದಪ್ಪವನ್ನು ನಿರ್ಧರಿಸುವುದು ಕುಂಚದ ಅಗಲವಲ್ಲ. ಬಣ್ಣದ ಸಾಂದ್ರತೆ, ಕೈಯ ಎತ್ತರ, ತೋಳಿನ ವೇಗ ಈ ಮೂರರ ಲೆಕ್ಕಾಚಾರ. ಬಣ್ಣ ತೆಳುವಾಗಿದ್ದು ಕೈ ನಿಧಾನವಾದರೆ ಅದು ಕೊಳವಾಗಿ ನಿಲ್ಲುತ್ತದೆ. ಮಂದವಾಗಿದ್ದು ಕೈ ವೇಗವಾದರೆ ದಾರದಂತೆ ಎಳೆಯಾಗುತ್ತದೆ. ಈ ಲೆಕ್ಕಾಚಾರದ ಮೇಲೆ ಹಿಡಿತವಿಲ್ಲದವನಿಗೆ ಹತ್ತು ಅಡಿ ಉದ್ದದ ಅಖಂಡ ರೇಖೆಯೊಂದನ್ನು ಎಳೆಯಲಾಗದು. ತನ್ನ ಚಿತ್ರಗಳಲ್ಲಿ ಆಕಸ್ಮಿಕಕ್ಕೆ ಎಡೆಯಿಲ್ಲವೆಂದು ಪೊಲಾಕ್ ಪದೇ ಪದೇ ಹೇಳಿದ್ದನ್ನು ಅಹಂಕಾರದ ಮಾತೆಂದು ತಳ್ಳಿಹಾಕುವವರು ಅದನ್ನು ಕುಶಲಕರ್ಮಿಯೊಬ್ಬನ ಮಾತಾಗಿ ಓದಿಕೊಂಡಿದ್ದರೆ ಲೇಸಿತ್ತು.

ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಸಂಗ್ರಹಾಲಯದಲ್ಲಿರುವ ‘ಆಟಮ್ ರಿದಮ್’ (1950) ಸುಮಾರು 2.67 ಮೀಟರ್ ಎತ್ತರ, 5.26 ಮೀಟರ್ ಅಗಲದ ಚಿತ್ರ. ಕಪ್ಪು, ಬಿಳಿ, ಕಂದು, ಅಲ್ಲಲ್ಲಿ ನೀಲಿ ಬೆರೆತ ಬೂದು ಇವೇ ಇದರ ಬಣ್ಣಗಳು. ಉಳಿದುದೆಲ್ಲ ಬರಿಯ ಬಟ್ಟೆ. ಈ ಚಿತ್ರ ರಚನೆಯಾಗುತ್ತಿದ್ದಾಗ ಹಾನ್ಸ್ ನಮುತ್ ತೆಗೆದ ಛಾಯಾಚಿತ್ರಗಳಿಂದ ತಿಳಿಯುವಂತೆ, ಮೊದಲು ಕಪ್ಪು ರೇಖೆಗಳ ಒಂದು ಹಂದರ ಸಿದ್ಧವಾಯಿತು; ಇತರ ಬಣ್ಣಗಳು ಅದರ ಮೇಲೆ, ಅದಕ್ಕೆ ಉತ್ತರವಾಗಿ ಬಂದವು. ನೋಡುಗನು ಈ ಕ್ರಮವನ್ನು ಕಣ್ಣಿನಿಂದ ಹಿಂದಕ್ಕೆ ಬಿಚ್ಚುತ್ತ ಹೋಗಬಹುದು: ಯಾವ ರೇಖೆ ಯಾವುದರ ಮೇಲಿದೆ, ಯಾವುದು ಹಸಿಯಾಗಿದ್ದಾಗಲೇ ಇನ್ನೊಂದು ಬಿದ್ದು ಬೆರೆತಿದೆ, ಯಾವುದು ಒಣಗುವವರೆಗೆ ಕೈ ಕಾದಿದೆ. ಹೀಗೆ ನೋಡತೊಡಗಿದಾಗ ಗೋಜಲು ಎಂದು ಕಂಡದ್ದು ನಿರ್ಧಾರಗಳ ಸರಣಿಯಾಗಿ ತೆರೆದುಕೊಳ್ಳುತ್ತದೆ. ಇನ್ನೂ ಮುಖ್ಯವಾದದ್ದು ಅಂಚುಗಳು. ರೇಖೆಗಳು ಅಂಚನ್ನು ಸಮೀಪಿಸಿದಾಗ ಬಹುತೇಕ ತಿರುಗಿ ಒಳಬರುತ್ತವೆ. ಮಧ್ಯಕ್ಕೂ ಬದಿಗೂ ಸಮಾನ ತೂಕವಿರುವ ಈ ಹರಹು ಗೋಡೆಯ ಮೇಲೆ ಕತ್ತರಿಸಿ ಅಂಟಿಸಿದ ಕಾಗದದ ವಿನ್ಯಾಸದಂತೆ ಆಗದಿರುವುದು ಈ ತಿರುವುಗಳ ಎಚ್ಚರದಿಂದಲೇ.

ಕನ್ನಡ ಓದುಗರಿಗೆ ಇಲ್ಲಿ ಅಂಗಳದ ರಂಗವಲ್ಲಿಯೋ ಕರಾವಳಿಯ ನಾಗಮಂಡಲವೋ ನೆನಪಾಗುವುದು ಸಹಜ. ನೆಲದ ಮೇಲೆ ಕೆಲಸ ಮಾಡುವಾಗ ತಾನು ಚಿತ್ರದ ಒಳಗೇ ಇರುತ್ತೇನೆ ಎಂದ ಪೊಲಾಕ್ ಅದನ್ನು ಅಮೆರಿಕದ ಪಶ್ಚಿಮ ಭಾಗದ ಮೂಲನಿವಾಸಿಗಳ ಮರಳುಚಿತ್ರಕ್ಕೆ ಹೋಲಿಸಿದ್ದೂ ಉಂಟು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು. ನಾಗಮಂಡಲದ ವಿನ್ಯಾಸ ಬರೆಯುವವನಿಗೆ ಮೊದಲೇ ತಿಳಿದಿರುತ್ತದೆ. ರಂಗವಲ್ಲಿಯ ಚುಕ್ಕೆಗಳು ಎಳೆಯ ದಾರಿಯನ್ನು ಮುಂಚಿತವಾಗಿ ಕಟ್ಟಿಕೊಟ್ಟಿರುತ್ತವೆ. ಪೊಲಾಕ್‌ನ ಮುಂದೆ ಚುಕ್ಕೆಗಳಿರಲಿಲ್ಲ. ಮರಳುಚಿತ್ರವೂ ಮಂಡಲವೂ ವಿಧಿ ಮುಗಿದೊಡನೆ ಅಳಿಯಬೇಕಾದವು; ಆತನ ಕ್ಯಾನ್‌ವಾಸ್ ನೆಲದಿಂದೆದ್ದು ಗೋಡೆಯೇರಿ ಉಳಿಯಬೇಕಾದದ್ದು. ಸಾಮ್ಯವನ್ನು ಕಂಡಾಕ್ಷಣ ಬಾಂಧವ್ಯವನ್ನು ಸಾರುವ ಅವಸರ ನಮ್ಮ ಕಲಾಬರಹಗಳಲ್ಲಿ ಕಡಿಮೆಯೇನಲ್ಲ.

ನಮುತ್‌ನ ಛಾಯಾಚಿತ್ರಗಳು ಮತ್ತು ಚಲನಚಿತ್ರ ಇನ್ನೊಂದು ಪರಿಣಾಮವನ್ನೂ ಉಂಟುಮಾಡಿದವು. ಚಿತ್ರಗಳನ್ನು ಕಾಣದವರು ಕೂಡ ಚಿತ್ರ ಬರೆಯುವವನನ್ನು ಕಂಡರು. 1952ರಲ್ಲಿ ಹೆರಾಲ್ಡ್ ರೋಸೆನ್‌ಬರ್ಗ್ ತನ್ನ ಪ್ರಸಿದ್ಧ ಲೇಖನದಲ್ಲಿ ಕ್ಯಾನ್‌ವಾಸನ್ನು ಕ್ರಿಯೆ ನಡೆಯುವ ರಂಗವೆಂದು ಬಣ್ಣಿಸಿದ ಮೇಲೆ ‘ಕ್ರಿಯಾಚಿತ್ರಣ’ ಎಂಬ ಮಾತು ಲೋಕರೂಢಿಯಾಯಿತು. ಈ ವಿವರಣೆ ಕೆಲವರಿಗೆ ನಿಜಕ್ಕೂ ಫಲಪ್ರದವಾಯಿತು. ಚಿತ್ರವನ್ನು ಬಿಟ್ಟು ಕ್ರಿಯೆಯನ್ನೇ ಮುಂದುವರಿಸಬಹುದೆಂದು ಆಲನ್ ಕ್ಯಾಪ್ರೋ 1958ರ ಲೇಖನದಲ್ಲಿ ವಾದಿಸಿ ‘ಹ್ಯಾಪನಿಂಗ್’ಗಳತ್ತ ಹೊರಟನು. ಜಪಾನಿನಲ್ಲಿ 1954ರಲ್ಲಿ ಆರಂಭವಾದ ಗುಟಾಯ್ ತಂಡದ ಶಿರಾಗಾ ಕಜುವೊ ಹಗ್ಗ ಹಿಡಿದು ಜೋತಾಡುತ್ತ ಪಾದಗಳಿಂದ ಚಿತ್ರ ಬರೆದನು. ಆದರೆ ಚಿತ್ರವನ್ನು ನೋಡುವ ಕಣ್ಣಿಗೆ ರೋಸೆನ್‌ಬರ್ಗ್‌ನ ವಾದ ಒಳಿತಿಗಿಂತ ಕೆಡುಕನ್ನೇ ಹೆಚ್ಚು ಮಾಡಿತೆನ್ನಬೇಕು. ಕ್ರಿಯೆಯೇ ಮುಖ್ಯವಾದರೆ ಒಂದು ಚಿತ್ರ ಗೆದ್ದಿತೆಂದೂ ಇನ್ನೊಂದು ಸೋತಿತೆಂದೂ ಹೇಳಲು ಆಧಾರವೇ ಉಳಿಯುವುದಿಲ್ಲ. ವಿಲೆಮ್ ಡಿ ಕೂನಿಂಗ್ ‘ವುಮನ್ 1’ ಚಿತ್ರವನ್ನು 1950ರಿಂದ 1952ರವರೆಗೆ ಬರೆಯುತ್ತ, ಕೆರೆದು ಅಳಿಸುತ್ತ, ಮತ್ತೆ ಬರೆಯುತ್ತ ಹೋದದ್ದು ಏತಕ್ಕೆಂಬುದನ್ನು ಈ ವಾದ ವಿವರಿಸಲಾರದು. ಒಂದೇ ಉಸಿರಿನಲ್ಲಿ ಬೀಸಿದಂತೆ ತೋರುವ ಅಲ್ಲಿನ ಕುಂಚದ ಹೊಡೆತಗಳ ಅಡಿಯಲ್ಲಿ ಅಳಿಸಿಹಾಕಿದ ಹಲವು ಚಿತ್ರಗಳಿವೆ.

ಕ್ರಿಯೆಯ ಈ ಪುರಾಣಕ್ಕೆ ಒಬ್ಬ ನಾಯಕ ಬೇಕಾಗಿದ್ದನು, ಆ ನಾಯಕ ಪುರುಷನೇ ಆಗಿರಬೇಕಿತ್ತು. ಲೀ ಕ್ರಾಸ್ನರ್ 1946ರಿಂದ 1950ರ ನಡುವೆ ರಚಿಸಿದ ‘ಲಿಟಲ್ ಇಮೇಜ್’ ಸರಣಿಯ ಚಿತ್ರಗಳು ಅಂಚಿನಿಂದ ಅಂಚಿಗೆ ಹರಡಿದ ದಟ್ಟ ಲಿಪಿಯಂಥ ಗುರುತುಗಳಿಂದ ಕೂಡಿದ್ದು ಅಳತೆಯಲ್ಲಿ ಚಿಕ್ಕವು. ಅಳತೆ ಚಿಕ್ಕದಾಗಿರಲು ಸೌಂದರ್ಯಶಾಸ್ತ್ರದ ಕಾರಣವನ್ನು ಹುಡುಕಬೇಕಿಲ್ಲ: ಕೊಟ್ಟಿಗೆ ಪೊಲಾಕ್‌ನದಾಗಿತ್ತು, ಆಕೆಗೆ ಉಳಿದದ್ದು ಮನೆಯೊಳಗಿನ ಕೋಣೆ. 1956ರಲ್ಲಿ ಪೊಲಾಕ್ ಕಾರು ಅಪಘಾತದಲ್ಲಿ ತೀರಿಕೊಂಡ ಬಳಿಕ ಆಕೆ ಕೊಟ್ಟಿಗೆಯನ್ನು ತನ್ನದಾಗಿಸಿಕೊಂಡಳು; ಆಕೆಯ ದೊಡ್ಡ ಚಿತ್ರಗಳು ಅಲ್ಲಿಂದ ಮುಂದಿನವು. ಶೈಲಿಯ ಚರಿತ್ರೆಯನ್ನು ಬರೆಯುವವರು ಕೋಣೆಗಳ ಚರಿತ್ರೆಯನ್ನೂ ಬರೆಯಬೇಕಾಗುತ್ತದೆ.

ಪ್ರಭಾವವೆಂಬುದು ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಹೆಲೆನ್ ಫ್ರಾಂಕೆಂಥೇಲರ್‌ಳ ‘ಮೌಂಟನ್ಸ್ ಅಂಡ್ ಸೀ’ ಚಿತ್ರದ ಪ್ರಸಂಗಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. 1952ರ ಅಕ್ಟೋಬರಿನಲ್ಲಿ, ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಆಕೆ ಇದನ್ನು ರಚಿಸಿದಳು. ಪೊಲಾಕ್‌ನ ಚಿತ್ರಗಳನ್ನು ಆಕೆ ಬೆಟ್ಟಿ ಪಾರ್ಸನ್ಸ್ ಗ್ಯಾಲರಿಯಲ್ಲಿ ನೋಡಿದ್ದಳು. ಆದರೆ ಅವನಿಂದ ಆಕೆ ತೆಗೆದುಕೊಂಡದ್ದು ಎಳೆಗಳ ಜಾಲವನ್ನಲ್ಲ. ನೆಲವನ್ನು ಮತ್ತು ಪೂರ್ವಲೇಪನವಿಲ್ಲದ ಬಟ್ಟೆಯನ್ನು. ಪೊಲಾಕ್‌ನ ಎನಾಮೆಲ್ ಹೆಚ್ಚಾಗಿ ಬಟ್ಟೆಯ ಮೇಲೆ ಕೂರುತ್ತಿತ್ತು. ಫ್ರಾಂಕೆಂಥೇಲರ್ ತೈಲವರ್ಣವನ್ನು ಟರ್ಪೆಂಟೈನಿನಿಂದ ಜಲವರ್ಣದಷ್ಟು ತೆಳುವಾಗಿಸಿ ಸುರಿದಳು. ಬಣ್ಣ ಬಟ್ಟೆಯೊಳಕ್ಕೆ ಇಂಗಿತು. ಇದ್ದಿಲಿನ ಕೆಲವು ಗೆರೆಗಳ ಸುತ್ತ ತಿಳಿಗೆಂಪು, ನೀಲಿ, ಹಸಿರುಗಳು ಹರಡಿ ನಿಂತವು. ಆ ಬೇಸಿಗೆಯಲ್ಲಿ ಕೆನಡಾದ ನೋವಾ ಸ್ಕೋಷಿಯಾದ ಕರಾವಳಿಯಲ್ಲಿ ಆಕೆ ಬರೆದ ನಿಸರ್ಗದೃಶ್ಯಗಳ ನೆನಪು ಅದರಲ್ಲಿತ್ತು. ಹೀಗೆ ಬಣ್ಣವೂ ಬಟ್ಟೆಯೂ ಎರಡು ಪದರಗಳಾಗಿ ಉಳಿಯದೆ ಒಂದೇ ಆದವು.

1953ರ ಏಪ್ರಿಲಿನಲ್ಲಿ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ ವಾಷಿಂಗ್ಟನ್ನಿನ ಇಬ್ಬರು ಚಿತ್ರಕಾರರನ್ನು, ಮಾರಿಸ್ ಲೂಯಿಸ್ ಮತ್ತು ಕೆನೆತ್ ನೋಲೆಂಡ್ ಅವರನ್ನು, ಆಕೆಯ ಸ್ಟುಡಿಯೋಗೆ ಕರೆತಂದನು. ಲೂಯಿಸ್ ಪೊಲಾಕ್ ಹುಟ್ಟಿದ ವರ್ಷವೇ, 1912ರಲ್ಲಿ, ಹುಟ್ಟಿದವನು; ನಲವತ್ತು ದಾಟಿದರೂ ತನ್ನದೆಂಬ ದಾರಿ ಸಿಕ್ಕಿರಲಿಲ್ಲ. ತನಗಿಂತ ಹದಿನಾರು ವರ್ಷ ಕಿರಿಯಳಾದ ಕಲಾವಿದೆಯ ಒಂದು ಚಿತ್ರ ಪೊಲಾಕ್‌ನಿಂದ ಮುಂದಿನ ಸಾಧ್ಯತೆಗೆ ಸೇತುವೆಯಾಯಿತೆಂದು ಆತ ಮುಂದೆ ಒಪ್ಪಿಕೊಂಡನು. ಊರಿಗೆ ಮರಳಿದ ಬಳಿಕ ಆತ ಆ ಚಿತ್ರವನ್ನು ಅನುಕರಿಸಲಿಲ್ಲ. ಟರ್ಪೆಂಟೈನಿನಲ್ಲಿ ಕರಗುವ ಮ್ಯಾಗ್ನಾ ಎಂಬ ಅಕ್ರಿಲಿಕ್ ಬಣ್ಣವನ್ನು ತೆಳುವಾಗಿಸಿ, ತನ್ನ ಮನೆಯ ಸಣ್ಣ ಊಟದ ಕೋಣೆಯಲ್ಲಿ, ಬಟ್ಟೆಯ ಮೇಲೆ ಪದರ ಪದರವಾಗಿ ಹರಿಯಬಿಟ್ಟನು. 1954ರಲ್ಲಿ ಆರಂಭವಾದ ‘ವೇಲ್’ ಸರಣಿಯ ಚಿತ್ರಗಳಲ್ಲಿ ಫ್ರಾಂಕೆಂಥೇಲರ್‌ಳ ಇದ್ದಿಲ ಗೆರೆಯೂ ಇಲ್ಲ, ನಿಸರ್ಗದೃಶ್ಯದ ನೆನಪೂ ಇಲ್ಲ. ಬಣ್ಣದ ತೆರೆಗಳು ಒಂದರ ಹಿಂದೊಂದು ಇಳಿಬಿದ್ದಿವೆ. ಮಧ್ಯದಲ್ಲಿ ಕೆಲಕಾಲ ಆತ ಮತ್ತೆ ಕುಂಚದ ಬೀಸಿಗೆ, ಅಂದರೆ ಆಗಿನ ಚಾಲ್ತಿಯ ಶೈಲಿಗೆ ಹೊರಳಿದ್ದನು. ಆ ಅವಧಿಯ ಹೆಚ್ಚಿನ ಚಿತ್ರಗಳನ್ನು ಆತನೇ ನಾಶಪಡಿಸಿದನು. ಒಂದೇ ಪಂಥದಿಂದ ಒಬ್ಬನೇ ಕಲಾವಿದ ಎರಡು ಬಗೆಯಲ್ಲಿ ಪ್ರಭಾವಿತನಾಗಿ, ಅವುಗಳಲ್ಲಿ ಯಾವುದು ತನ್ನದೆಂದು ಗುರುತಿಸಿಕೊಂಡ ಈ ಪ್ರಸಂಗ ವಿಮರ್ಶೆಗೆ ಬಹಳ ಉಪಯುಕ್ತವಾದದ್ದು.

ಈ ಚಿತ್ರಗಳನ್ನು ನೋಡುವ ಕ್ರಮದ ಬಗ್ಗೆ ಸ್ವತಃ ಚಿತ್ರಕಾರರು ಕೊಟ್ಟ ಸೂಚನೆಗಳಿವೆ. ದೊಡ್ಡ ಚಿತ್ರಗಳನ್ನು ದೂರದಿಂದ ನೋಡುವುದು ರೂಢಿ. ಆದರೆ ತನ್ನ ಚಿತ್ರಗಳನ್ನು ಹತ್ತಿರದಿಂದ ನೋಡಬೇಕೆಂದು ಬಾರ್ನೆಟ್ ನ್ಯೂಮನ್ 1951ರ ತನ್ನ ಪ್ರದರ್ಶನದಲ್ಲಿ ಫಲಕವನ್ನೇ ಹಾಕಿದ್ದನು. ಐದೂವರೆ ಮೀಟರ್‌ನಷ್ಟು ಅಗಲದ, ಬಹುಪಾಲು ಕೆಂಪಿನಿಂದಲೇ ತುಂಬಿದ ‘ವೀರ್ ಹೆರೋಯಿಕಸ್ ಸಬ್ಲಿಮಿಸ್’ (1950–51) ಚಿತ್ರದೆದುರು ಹತ್ತಿರ ನಿಂತಾಗ ಎರಡೂ ಬದಿಯ ಅಂಚುಗಳು ಕಣ್ಣಿನ ಅಳವಿನಿಂದ ಹೊರಗುಳಿಯುತ್ತವೆ. ಆಗ ಅದು ಗೋಡೆಯ ಮೇಲಿನ ವಸ್ತುವಾಗಿರುವುದನ್ನು ಬಿಟ್ಟು ನಿಂತವನ ಸುತ್ತಲಿನ ಸ್ಥಳವಾಗುತ್ತದೆ. ಅದರೊಳಗಿನ ಲಂಬವಾದ ತೆಳು ಪಟ್ಟಿಗಳು ನಿಂತ ಮನುಷ್ಯನ ಮೈಗೆ ಜೊತೆಯಾಗುತ್ತವೆ. ಪುಸ್ತಕದ ಪುಟದಲ್ಲಿ ಇದೇ ಚಿತ್ರ ಗೆರೆಯೆಳೆದ ಕೆಂಪು ಕಾಗದದ ತುಂಡು. ರಾತ್ಕೋನ ವಿಷಯದಲ್ಲಿ ನಷ್ಟ ಇನ್ನೊಂದು ಬಗೆಯದು. ಆತನ ಆಯತಗಳ ಅಂಚು ಹಿನ್ನೆಲೆಯೊಂದಿಗೆ ಕೂಡುವಲ್ಲಿ ಕುಂಚದ ತೆಳುವಾದ ತಡವರಿಕೆ ಇದೆ, ಅಡಿಯ ಪದರದ ಬಣ್ಣ ಅಲ್ಲಿ ಉಸಿರಾಡುತ್ತದೆ. ಮುದ್ರಣದಲ್ಲಿ ಇದು ಬರಿಯ ಮಸುಕಾಗಿ ಉಳಿಯುತ್ತದೆ. ಬೆಳಕು ಮಂದವಾಗಿರಬೇಕು, ಚಿತ್ರವನ್ನು ತಗ್ಗಿನಲ್ಲಿ ತೂಗುಹಾಕಬೇಕು ಎಂದು ಆತ ಹಟ ಹಿಡಿಯುತ್ತಿದ್ದುದು ಪ್ರದರ್ಶನದ ಅಲಂಕಾರಕ್ಕಾಗಿ ಅಲ್ಲ. ನಿಧಾನವಾಗಿ ಕಣ್ಣಿಗೆ ಒಗ್ಗುವ ಬಣ್ಣಗಳು ಮೊದಲ ಕ್ಷಣದಲ್ಲಿ ತಮ್ಮನ್ನು ಬಿಟ್ಟುಕೊಡುವುದಿಲ್ಲವೆಂಬುದು ಆತನಿಗೆ ತಿಳಿದಿತ್ತು.

ಈ ಅಂಶ ಭಾರತದ ಸಂದರ್ಭದಲ್ಲಿ ನಿರ್ಣಾಯಕವಾದದ್ದು. ಇಲ್ಲಿನ ಬಹುಮಂದಿ ಕಲಾವಿದರಿಗೆ ಅಮೂರ್ತ ಅಭಿವ್ಯಕ್ತಿವಾದ ಪರಿಚಯವಾದದ್ದು ಪತ್ರಿಕೆಗಳ ಪುಟಗಳಿಂದ, ಅನೇಕ ಸಲ ಕಪ್ಪುಬಿಳುಪಿನ ಮುದ್ರಣದಲ್ಲಿ. ಅಳತೆ, ಮೇಲ್ಮೈ, ಬೆಳಕು ಈ ಮೂರೂ ಪುಟದಲ್ಲಿ ಇಲ್ಲವಾದ್ದರಿಂದ ಉಳಿದದ್ದು ಕುಂಚದ ಬೀಸೊಂದೇ. ಆ ಬೀಸನ್ನು ಎರಡು ಅಡಿಯ ಕ್ಯಾನ್‌ವಾಸಿಗೆ ಇಳಿಸಿದ ಅಸಂಖ್ಯ ಚಿತ್ರಗಳು ಮುಂದಿನ ದಶಕಗಳಲ್ಲಿ ವಾರ್ಷಿಕ ಪ್ರದರ್ಶನಗಳ ಗೋಡೆಗಳನ್ನು ತುಂಬಿದವು. ತೋಳಿನ ಚಲನೆಯನ್ನು ಮಣಿಕಟ್ಟಿನ ಚಲನೆಗೆ ಇಳಿಸಿದಾಗ ಉಳಿಯುವುದು ಅಲಂಕಾರ ಮಾತ್ರ.

ಆದರೆ ಕೆಲವರು ಮೂಲಚಿತ್ರಗಳ ಎದುರು ನಿಂತರು. 1960ರ ದಶಕದಲ್ಲಿ ರಾಕ್‌ಫೆಲ್ಲರ್ ಮನೆತನದ ಸಂಸ್ಥೆಗಳ ಸಹಾಯವೇತನ, ಮುಖ್ಯವಾಗಿ 1963ರಲ್ಲಿ ಸ್ಥಾಪನೆಯಾದ ಜೆಡಿಆರ್ 3ನೇ ನಿಧಿಯ ಸಹಾಯವೇತನ, ಹಲವು ಭಾರತೀಯ ಚಿತ್ರಕಾರರನ್ನು ನ್ಯೂಯಾರ್ಕಿಗೆ ಕರೆದೊಯ್ದಿತು. 1967ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಸಿದ್ಧಪಡಿಸಿದ ಅಮೆರಿಕನ್ ಚಿತ್ರಕಲೆಯ ಎರಡು ದಶಕಗಳ ಪ್ರದರ್ಶನ ಜಪಾನಿನ ನಂತರ ದೆಹಲಿಗೂ ಬಂದಿತು. ಗ್ರೀನ್‌ಬರ್ಗ್ ಕೂಡ ಆ ಸಂದರ್ಭದಲ್ಲಿ ಭಾರತಕ್ಕೆ ಬಂದಿದ್ದನು. ಇವೆಲ್ಲದರ ಹಿಂದಿನ ರಾಜಕಾರಣವನ್ನು ಮರೆಮಾಚಬೇಕಾಗಿಲ್ಲ. 1973ರಲ್ಲಿ ಮ್ಯಾಕ್ಸ್ ಕೊಜ್ಲಾಫ್, 1974ರಲ್ಲಿ ಇವಾ ಕಾಕ್‌ಕ್ರಾಫ್ಟ್, 1983ರಲ್ಲಿ ಸರ್ಜ್ ಗಿಲ್ಬೋ, 1999ರಲ್ಲಿ ಫ್ರಾನ್ಸಿಸ್ ಸ್ಟೋನರ್ ಸಾಂಡರ್ಸ್, ಹೀಗೆ ಹಲವರು ಈ ಚಿತ್ರಕಲೆ ಶೀತಲ ಸಮರದ ಸಾಂಸ್ಕೃತಿಕ ಅಸ್ತ್ರವಾಗಿ ಬಳಕೆಯಾದ ಬಗೆಯನ್ನು ವಿವರಿಸಿದ್ದಾರೆ. ಸೋಜಿಗವೆಂದರೆ, ಅದೇ ಅಮೆರಿಕದಲ್ಲಿ 1949ರಲ್ಲಿ ಕಾಂಗ್ರೆಸ್ ಸದಸ್ಯ ಜಾರ್ಜ್ ಡೊಂಡೆರೊ ಆಧುನಿಕ ಕಲೆಯನ್ನೇ ಕಮ್ಯುನಿಸ್ಟರ ಪಿತೂರಿಯೆಂದು ಜರೆದಿದ್ದನು. ಚಿತ್ರವನ್ನು ಹಡಗಿನಲ್ಲಿ ಕಳುಹಿಸಿದವರ ಉದ್ದೇಶ ಒಂದಿರಬಹುದು. ಅದರೆದುರು ನಿಂತ ಕಲಾವಿದನ ಅಗತ್ಯ ಬೇರೊಂದಾಗಿರುತ್ತದೆ. ಪ್ರಚಾರದ ಉದ್ದೇಶ ನಿಜವಾಗಿ ಗೆದ್ದಿದ್ದರೆ ಆ ಸಹಾಯವೇತನ ಪಡೆದವರು ನ್ಯೂಯಾರ್ಕ್ ಶೈಲಿಯ ಶಾಖೆಗಳನ್ನು ಇಲ್ಲಿ ತೆರೆಯಬೇಕಿತ್ತು. ನಡೆದದ್ದು ಹಾಗಲ್ಲ.

ತೈಯಬ್ ಮೆಹ್ತಾ (1925–2009) ಅವರ ನಿದರ್ಶನ ಇದನ್ನು ಚೆನ್ನಾಗಿ ತೋರಿಸುತ್ತದೆ. 1968ರಲ್ಲಿ ನ್ಯೂಯಾರ್ಕಿಗೆ ಹೋಗುವ ಮುನ್ನ ಅವರ ಚಿತ್ರಗಳು ಮಂದವಾಗಿ ಬಣ್ಣ ಮೆತ್ತಿದ, ಯೂರೋಪಿನ ಅಭಿವ್ಯಕ್ತಿವಾದದ ನೆರಳಿದ್ದ ಮಾನವಾಕೃತಿಗಳಾಗಿದ್ದವು. ನ್ಯೂಮನ್‌ನ ಚಿತ್ರದೆದುರು ನಿಂತಾಗ ತಮಗಾದ ಆಘಾತವನ್ನು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಮುದ್ರಣದಲ್ಲಿ ಏನೂ ಅಲ್ಲವೆನಿಸಿದ್ದು ಮೂಲದಲ್ಲಿ ಬೇರೆಯೇ ಆಗಿತ್ತು. ಮರಳಿದ ನಂತರ ಅವರ ಬಣ್ಣ ಚಪ್ಪಟೆಯಾಯಿತು, ಹರವು ದೊಡ್ಡದಾಯಿತು. 1969ರಲ್ಲಿ ಕ್ಯಾನ್‌ವಾಸಿಗೆ ಅಡ್ಡಲಾಗಿ ಒಂದು ಓರೆಗೆರೆ ಬಂದಿತು. ನ್ಯೂಮನ್‌ನ ಪಟ್ಟಿ ಲಂಬವಾದದ್ದು; ಅದು ಬಣ್ಣದ ಹರಹನ್ನು ಸೀಳುವುದಿಲ್ಲ, ಅದರ ಅಖಂಡತೆಯನ್ನು ಎತ್ತಿಹಿಡಿಯುತ್ತದೆ. ತೈಯಬರ ಓರೆಗೆರೆ ಸೀಳುತ್ತದೆ. ಅದು ಮಾನವದೇಹದ ನಡುವೆ ಹಾಯ್ದು ಕೈಯನ್ನು, ಮುಖವನ್ನು, ಮುಂಡವನ್ನು ಸ್ಥಳ ತಪ್ಪಿಸುತ್ತದೆ. 1947ರ ವಿಭಜನೆಯ ಗಲಭೆಯಲ್ಲಿ ಮುಂಬಯಿಯ ಬೀದಿಯಲ್ಲಿ ಜನ ಒಬ್ಬ ಯುವಕನನ್ನು ಕೊಂದುದನ್ನು ಕಣ್ಣಾರೆ ಕಂಡಿದ್ದ ಚಿತ್ರಕಾರನಿಗೆ ಆ ನೆನಪನ್ನು ಕಥೆಯಾಗಿಸದೆ ರಚನೆಯಾಗಿಸುವ ದಾರಿ ಬೇಕಾಗಿತ್ತು. ನ್ಯೂಮನ್ ಕೊಟ್ಟದ್ದು ಆ ದಾರಿಯನ್ನು, ಅಂದರೆ ಬಣ್ಣದ ಒಂದು ಹರಹನ್ನು ಒಂದೇ ರೇಖೆಯಿಂದ ನಿಭಾಯಿಸುವ ಧೈರ್ಯವನ್ನು. ಆಕೃತಿಯನ್ನೇ ಹೊರಗಿಟ್ಟವನಿಂದ ಕಲಿತು ಆಕೃತಿಯನ್ನು ಮರಳಿ ಪಡೆದ ಈ ಬಗೆ ಪ್ರಭಾವದ ಅತ್ಯುತ್ತಮ ಮಾದರಿಗಳಲ್ಲೊಂದು.

ಎಸ್. ಎಚ್. ರಜಾ ಅವರಿಗೆ ದೊರೆತದ್ದು ಬೇರೆ. ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಅವರು 1962ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಲು ಹೋದಾಗ ರಾತ್ಕೋ ಮುಂತಾದವರ ಚಿತ್ರಗಳನ್ನು ಕಂಡರು. ಫ್ರಾನ್ಸಿನಲ್ಲಿ ರೂಢಿಸಿಕೊಂಡಿದ್ದ ಕಟ್ಟುನಿಟ್ಟಾದ ಭೂದೃಶ್ಯದ ಚೌಕಟ್ಟು ಆ ಬಳಿಕ ಸಡಿಲವಾಯಿತು, ತೈಲದಿಂದ ಅವರು ಕ್ರಮೇಣ ಅಕ್ರಿಲಿಕ್‌ಗೆ ಬಂದರು, ಮಧ್ಯಪ್ರದೇಶದ ಕಾಡಿನ ಬಾಲ್ಯದ ನೆನಪು ಕಪ್ಪು ಕೆಂಪುಗಳ ಕುದಿತವಾಗಿ ಹೊರಬಂದಿತು. 1970ರ ದಶಕದ ಕೊನೆಯ ಹೊತ್ತಿಗೆ ಅವರು ಬಿಂದುವಿನ ಜ್ಯಾಮಿತಿಯನ್ನು ತಲುಪಿದರು. ಬಿಂದುವಿನ ಅವಧಿಗೆ ದೊರೆತ ಮನ್ನಣೆ ನಡುವಿನ ಈ ಕಾಲಕ್ಕೆ ದೊರೆತಿಲ್ಲ. ಅವರ ಅತ್ಯುತ್ತಮ ಚಿತ್ರಕಾರಿಕೆ ಈ ಕಾಲದ್ದೇ ಎಂದು ಹೇಳಲು ಅಡ್ಡಿಯಿಲ್ಲ. ಗುಜರಾತಿನಿಂದ 1962ರಲ್ಲಿ ಅಮೆರಿಕಕ್ಕೆ ಹೋದ ನಟವರ್ ಭಾವಸಾರ್ ಒಣ ವರ್ಣಪುಡಿಯನ್ನು ನೆಲದ ಮೇಲಿನ ಕ್ಯಾನ್‌ವಾಸಿಗೆ ಜರಡಿ ಹಿಡಿದು ಉದುರಿಸಿದರು. ಪೊಲಾಕ್‌ನ ವಿಷಯದಲ್ಲಿ ಎಚ್ಚರದಿಂದ ಆಡಬೇಕಾದ ರಂಗೋಲಿಯ ಮಾತು ಇವರ ವಿಷಯದಲ್ಲಿ ಹೋಲಿಕೆಯಲ್ಲ, ಬಾಲ್ಯದ ಅನುಭವ.

ವಿ. ಎಸ್. ಗಾಯ್ತೊಂಡೆ (1924–2001) ಅವರನ್ನು ‘ಭಾರತದ ರಾತ್ಕೋ’ ಎಂದು ಕರೆಯುವುದು ಸೋಮಾರಿತನದ ವಿಮರ್ಶೆ. 1964ರಲ್ಲಿ ಅವರು ನ್ಯೂಯಾರ್ಕಿಗೆ ಹೋಗುವ ವೇಳೆಗೆ ಅವರ ದಿಕ್ಕು ನಿಶ್ಚಿತವಾಗಿತ್ತು. ಕ್ಲೀಯ ಚಿತ್ರಗಳ ಅಭ್ಯಾಸ, ಜೆನ್ ಚಿಂತನೆ ಅವರನ್ನು ಆಕೃತಿಯಿಂದ ಆಗಲೇ ಬಿಡಿಸಿದ್ದವು. ‘ಅಮೂರ್ತ’ ಎಂಬ ಮಾತನ್ನೂ ಒಪ್ಪದೆ ತಮ್ಮದು ವಸ್ತುನಿರಪೇಕ್ಷ ಚಿತ್ರವೆನ್ನುತ್ತಿದ್ದರು. ರಾತ್ಕೋ ತೆಳುವಾದ ಬಣ್ಣವನ್ನು ಮೇಲೆ ಮೇಲೆ ಸೇರಿಸುತ್ತ ಹೋಗುವವನು. ಗಾಯ್ತೊಂಡೆಯವರು ರೋಲರಿನಿಂದಲೂ ಪ್ಯಾಲೆಟ್ ನೈಫಿನಿಂದಲೂ ಬಣ್ಣ ಹರಡಿ, ಹಸಿಯಿರುವಾಗಲೇ ಅದರ ಭಾಗಗಳನ್ನು ತೆಗೆದುಹಾಕುವವರು. ತೆಗೆದ ಸ್ಥಳದಲ್ಲಿ ಅಡಿಯ ಪದರ ಬೆಳಕಿನಂತೆ ಹೊಳೆಯುತ್ತದೆ; ಓದಲಾಗದ ಲಿಪಿಯಂಥ ಆಕಾರಗಳು ಅಲ್ಲಿ ತೇಲುತ್ತವೆ. ರಾತ್ಕೋನ ಆಯತ ನೋಡುಗನತ್ತ ಮುಂದೆ ಬರುತ್ತದೆ. ಗಾಯ್ತೊಂಡೆಯವರ ಮೇಲ್ಮೈ ನೀರಿನ ತಳದಂತೆ ಹಿಂದೆ ಸರಿಯುತ್ತದೆ. ವರ್ಷಕ್ಕೆ ಕೆಲವೇ ಚಿತ್ರಗಳನ್ನು ರಚಿಸುತ್ತಿದ್ದ ಅವರ ಹೆಚ್ಚಿನ ಕಾಲ ಕಾಯುವುದರಲ್ಲಿ ಕಳೆಯುತ್ತಿತ್ತು. ನ್ಯೂಯಾರ್ಕ್ ಅವರಿಗೆ ಕೊಟ್ಟದ್ದು ತಂತ್ರವನ್ನಲ್ಲ. ತಾವು ಒಂಟಿಯಾಗಿ ಹಿಡಿದಿದ್ದ ದಾರಿಯಲ್ಲಿ ಬೇರೆಡೆಯೂ ಜನ ನಡೆದಿದ್ದಾರೆಂಬ ನೆಮ್ಮದಿಯನ್ನು. 2014ರಲ್ಲಿ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಗ್ರಹಾಲಯ ಅವರ ಸಿಂಹಾವಲೋಕನ ಪ್ರದರ್ಶನವನ್ನು ಏರ್ಪಡಿಸಿದಾಗ ಈ ಭೇದ ಅಲ್ಲಿಯವರಿಗೂ ಗೋಚರವಾಗಿರಬೇಕು.

ಇದಕ್ಕೆ ವಿರುದ್ಧವಾದ ತಪ್ಪೂ ಒಂದಿದೆ. ಆಕೃತಿ ಕರಗಿದಲ್ಲೆಲ್ಲ ನ್ಯೂಯಾರ್ಕನ್ನು ಕಾಣುವ ಚಟ ಅದು. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರ (1911–1996) ನಂತರದ ಚಿತ್ರಗಳಲ್ಲಿ ಆಕೃತಿ ಬಣ್ಣದಲ್ಲಿ ಕರಗುತ್ತ ಹೋಗುವುದುಂಟು. ಅದರ ಮೂಲವನ್ನು ಅಮೆರಿಕದಲ್ಲಿ ಹುಡುಕುವುದು ವ್ಯರ್ಥ. 1964ರಲ್ಲಿ ‘ದ ಸಿಂಗಿಂಗ್ ಲೈನ್’ ಎಂಬ ಹೆಸರಿನಲ್ಲಿ ಪ್ರಕಟವಾದ ಅವರ ರೇಖಾಚಿತ್ರಗಳಲ್ಲಿ, ನೃತ್ಯದ ಲಯಕ್ಕೆ ಓಗೊಟ್ಟ ಆ ರೇಖೆಯಲ್ಲಿ ಅದಕ್ಕೆ ಬೇಕಾದಷ್ಟು ಆಧಾರವಿದೆ.

ಕೆಲಸ ಮಾಡುವ ಕಲಾವಿದರು ಈ ಪಂಥದಿಂದ ಕಲಿಯಬೇಕಾಗಿ ಬಂದ ಇನ್ನೊಂದು ಪಾಠ ಸಾಮಗ್ರಿಯದು, ಅದು ಕಹಿಯಾದದ್ದು. ಪೂರ್ವಲೇಪನವಿಲ್ಲದ ಬಟ್ಟೆಗೆ ಇಂಗಿದ ತೈಲ ಕಾಲಾಂತರದಲ್ಲಿ ಬಟ್ಟೆಯನ್ನೇ ಶಿಥಿಲಗೊಳಿಸುತ್ತದೆ. ಬಣ್ಣದ ಸುತ್ತ ಎಣ್ಣೆಯ ಕಲೆ ಹರಡುತ್ತದೆ. ಫ್ರಾಂಕೆಂಥೇಲರ್ ಸ್ವತಃ 1960ರ ದಶಕದಲ್ಲಿ ಅಕ್ರಿಲಿಕ್‌ಗೆ ಬದಲಾಯಿಸಿದಳು. ರಾತ್ಕೋ ಹಾರ್ವರ್ಡ್ ವಿಶ್ವವಿದ್ಯಾಲಯದ ಭೋಜನಶಾಲೆಗಾಗಿ ರಚಿಸಿದ ಐದು ಭಿತ್ತಿಚಿತ್ರಗಳು 1964ರಲ್ಲಿ ಅಲ್ಲಿ ಸ್ಥಾಪನೆಗೊಂಡವು. ಆತ ಬಳಸಿದ ಲಿಥಾಲ್ ಕೆಂಪು ಬೆಳಕಿಗೆ ತಡೆಯದ ಬಣ್ಣ. ಕೋಣೆಯ ಕಿಟಕಿಗಳು ವಿಶಾಲವಾಗಿದ್ದವು. ಕಡುಗೆಂಪು ಹಿನ್ನೆಲೆ ಕೆಲವೇ ವರ್ಷಗಳಲ್ಲಿ ಮಂಕಾದ ನೀಲಿಯತ್ತ ತಿರುಗಿತು. 1979ರಲ್ಲಿ ಚಿತ್ರಗಳನ್ನು ಕೆಳಗಿಳಿಸಿ ಕತ್ತಲಲ್ಲಿ ಇರಿಸಲಾಯಿತು. ಮೇಲೆ ಬಣ್ಣ ಬಳಿದು ಸರಿಪಡಿಸುವುದು ಅಸಾಧ್ಯವಾಗಿತ್ತು, ಏಕೆಂದರೆ ವಾರ್ನಿಷ್ ಇಲ್ಲದ ಆ ಮೇಲ್ಮೈಯ ಮೇಲೆ ಬಿದ್ದ ಯಾವ ಲೇಪವೂ ರಾತ್ಕೋನ ಬಣ್ಣವನ್ನು ಶಾಶ್ವತವಾಗಿ ಮುಚ್ಚಿಬಿಡುತ್ತಿತ್ತು. 2014ರಲ್ಲಿ ಹಾರ್ವರ್ಡ್ ಕಲಾ ಸಂಗ್ರಹಾಲಯದ ಸಂರಕ್ಷಕರೂ ವಿಜ್ಞಾನಿಗಳೂ ಹಳೆಯ ಛಾಯಾಚಿತ್ರಗಳ ಆಧಾರದಿಂದ ಪ್ರತಿಯೊಂದು ಬಿಂದುವಿನಲ್ಲಿ ಕಳೆದುಹೋದ ಬಣ್ಣವೆಷ್ಟೆಂದು ಲೆಕ್ಕಹಾಕಿ, ಅಷ್ಟೇ ಬಣ್ಣದ ಬೆಳಕನ್ನು ಪ್ರೊಜೆಕ್ಟರಿನಿಂದ ಚಿತ್ರಗಳ ಮೇಲೆ ಬೀರಿದರು. ಕೆಂಪು ಮರಳಿ ಬಂದಿತು. ಪ್ರತಿದಿನ ಸಂಜೆ ನಾಲ್ಕು ಗಂಟೆಗೆ ಆ ಬೆಳಕನ್ನು ಆರಿಸಲಾಗುತ್ತಿತ್ತು. ಸಂಗ್ರಹಾಲಯ ಮುಚ್ಚುವವರೆಗಿನ ಉಳಿದ ಒಂದು ಗಂಟೆಯ ಕಾಲ ನೋಡುಗರು ಅ‌ದೇ ಚಿತ್ರಗಳನ್ನು, ಅವು ಈಗ ಇರುವಂತೆ, ನೋಡಬಹುದಾಗಿತ್ತು.